ಕೊಡಗಿನಲ್ಲಿ ಮನೆ ಬೇಕರಿ: ಆರ್ಡರ್ ಕೇಕೋ, ಅಂಗಡಿಗೆ ಪ್ಯಾಕೆಟ್ಟೋ, ಪೇಟೆಯಲ್ಲಿ ಮಳಿಗೆಯೋ?

ಕೊಡಗಿನಲ್ಲಿ ಮನೆಯಿಂದಲೇ ಕೇಕ್, ಬಿಸ್ಕತ್ತು, ಚಾಕೊಲೇಟ್ ಮಾಡಿ ಮಾರಲು ಹೊರಡುವವರು ಮೊದಲು ವಿಚಾರಿಸುವುದು ಯಾವ ಓವನ್ ಕೊಳ್ಳಬೇಕೆಂದು. ಆಮೇಲೆ, ಲೈಸೆನ್ಸ್ ಬೇಕಾಗುತ್ತದೆಯೇ ಎಂದು. ಈ ಎರಡನ್ನೂ ತೀರ್ಮಾನಿಸುವುದು ಇನ್ನೊಂದು ಪ್ರಶ್ನೆ: ಮಾಡಿದ ಮಾಲು ಯಾರ ಕೈಗೆ, ಯಾವ ದಾರಿಯಲ್ಲಿ ತಲುಪುತ್ತದೆ? ಪರಿಚಯದ ಮನೆಯವರು ಹುಟ್ಟುಹಬ್ಬಕ್ಕೆಂದು ಹೇಳಿ ಮಾಡಿಸಿಕೊಂಡು ಹೋಗುವ ಕೇಕು, ಮಡಿಕೇರಿಯ ಪ್ರವಾಸಿ ಅಂಗಡಿಯ ಕಪಾಟಿನಲ್ಲಿ ವಾರಗಟ್ಟಲೆ ಕೂರುವ ಚಾಕೊಲೇಟ್ ಪೊಟ್ಟಣ, ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಬಾಡಿಗೆಗೆ ಹಿಡಿದ ಮಳಿಗೆಯಲ್ಲಿ ಬೆಳಿಗ್ಗೆ ಖಾಲಿಯಾಗುವ ಬನ್ನು, ಈ ಮೂರೂ ಒಂದೇ ಕೈಯಿಂದ, ಒಂದೇ ಹಿಟ್ಟಿನಿಂದ ಆಗಬಹುದಾದರೂ ಇವುಗಳ ಮೇಲೆ ಬೀಳುವ ಕಾನೂನಿನ ಹೊರೆ ಬೇರೆ ಬೇರೆ. ಓವನ್ನಿನ ಗಾತ್ರಕ್ಕಿಂತ ಮಾರಾಟದ ದಾರಿಯನ್ನು ಮೊದಲು ನಿರ್ಧರಿಸುವುದು ಜಾಣತನ ಎಂಬ ನೆಲೆಯಿಂದಲೇ ಈ ಹೋಲಿಕೆಯನ್ನು ಮಾಡಲಾಗಿದೆ.

ಯಾವ ದಾರಿಗಾದರೂ ತಪ್ಪದ ಕಾಗದಗಳು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ, ಹಣ ಪಡೆದು ಆಹಾರ ತಯಾರಿಸಿ ಕೊಡುವವರು ಯಾರೇ ಆಗಿರಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪಡೆಯಲೇಬೇಕು. ಅಡುಗೆಮನೆ ಸ್ವಂತದ್ದು, ಬೋರ್ಡು ಹಾಕಿಲ್ಲ, ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಎಂಬ ಕಾರಣಗಳಿಗೆ ವಿನಾಯಿತಿ ಇಲ್ಲ. ಸಣ್ಣ ತಯಾರಕರಿಗೆ ಇರುವುದು ನೋಂದಣಿ. 2011ರ ನಿಯಮಾವಳಿಯು ಇದಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿಯನ್ನೂ ವರ್ಷಕ್ಕೆ 100 ರೂಪಾಯಿ ಶುಲ್ಕವನ್ನೂ ಗೊತ್ತುಪಡಿಸಿತು. ಅದಕ್ಕೂ ಮೇಲ್ಪಟ್ಟವರಿಗೆ ರಾಜ್ಯ ಪರವಾನಗಿ ಇದ್ದು, ಅದರ ಶುಲ್ಕ ಸಾವಿರಗಳಲ್ಲಿದೆ. ಅಡುಗೆಮನೆಯ ನಕ್ಷೆ, ಯಂತ್ರಗಳ ಪಟ್ಟಿ, ನೀರಿನ ಪರೀಕ್ಷಾ ವರದಿ ಮುಂತಾದವನ್ನೂ ಕೇಳುತ್ತಾರೆ. ಇಂಥ ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ತುಂಬುವ ದಿನ ಅದೇ ಪ್ರಾಧಿಕಾರದ ಆನ್‌ಲೈನ್ ಅರ್ಜಿ ತಾಣವಾದ ಫಾಸ್ಕಾಸ್ ಪೋರ್ಟಲ್ಲಿನಲ್ಲಿ ತೋರುವ ಅಂಕಿಯನ್ನೇ ಆಧಾರವಾಗಿ ಹಿಡಿಯಬೇಕು.

ಅರ್ಜಿ ಸಲ್ಲಿಸುವುದು ಕಷ್ಟವಲ್ಲ. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಇದ್ದರೆ ಮೊಬೈಲಿನಲ್ಲೇ ಮುಗಿಯುತ್ತದೆ. ಸೈಬರ್ ಸೆಂಟರಿನವರೋ ಮಧ್ಯವರ್ತಿಗಳೋ ಕೇಳುವ ದೊಡ್ಡ ಮೊತ್ತದಲ್ಲಿ ಸರ್ಕಾರಕ್ಕೆ ಸೇರುವುದು ಎಷ್ಟು ಎಂದು ರಸೀದಿ ನೋಡಿ ತಿಳಿದುಕೊಳ್ಳುವುದು ಒಳ್ಳೆಯದು. ಅರ್ಜಿ ತಲುಪಿದ ಏಳು ದಿನಗಳೊಳಗೆ ಅಧಿಕಾರಿಯು ನೋಂದಣಿ ಕೊಡಬೇಕು, ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ಪರಿಶೀಲನೆಗೆ ಬರುವುದಾಗಿ ತಿಳಿಸಬೇಕು ಎಂದು 2011ರ ನಿಯಮಾವಳಿ ಹೇಳಿತ್ತು. ಸಿಗುವ ಸಂಖ್ಯೆಗೆ ಹದಿನಾಲ್ಕು ಅಂಕಿಗಳಿದ್ದು, ನೋಂದಣಿಯದ್ದು 2ರಿಂದಲೂ ಪರವಾನಗಿಯದ್ದು 1ರಿಂದಲೂ ಆರಂಭವಾಗುತ್ತದೆ. ಅರ್ಜಿಯಲ್ಲಿ ಒಂದು ಕಡೆ ಎಚ್ಚರ ಬೇಕು: ಆಹಾರ ವರ್ಗೀಕರಣದಲ್ಲಿ ಬೇಕರಿ ತಿನಿಸುಗಳದ್ದು ಒಂದು ವರ್ಗ, ಚಾಕೊಲೇಟ್ ಮತ್ತು ಮಿಠಾಯಿಗಳದ್ದು ಇನ್ನೊಂದು. ಕೇಕಿಗೆಂದು ಮಾಡಿಸಿದ ನೋಂದಣಿಯನ್ನು ತೋರಿಸಿ ಚಾಕೊಲೇಟ್ ಮಾರಲು ಬರುವುದಿಲ್ಲವಾದ್ದರಿಂದ, ಮುಂದೆ ಮಾಡುವ ಆಲೋಚನೆ ಇರುವುದನ್ನೂ ಆಗಲೇ ಸೇರಿಸಿಬಿಡುವುದು ಲೇಸು.

ವಿಳಾಸದ ದಾಖಲೆಯ ವಿಷಯದಲ್ಲಿ ಕೊಡಗಿಗೇ ವಿಶೇಷವಾದ ಒಂದು ತೊಡಕಿದೆ. ಜಮ್ಮಾ ಜಮೀನಿನಲ್ಲಿ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ, ಇರುವ ಮನೆಗಳ ಕಾಗದ ಪತ್ರಗಳು ಕುಟುಂಬದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲಿರುವುದು, ಕರೆಂಟ್ ಬಿಲ್ಲು ಇಂದಿಗೂ ಮಾವನವರದ್ದೋ ತೀರಿಹೋದ ಅಜ್ಜನದ್ದೋ ಹೆಸರಿನಲ್ಲಿ ಬರುವುದು ಇಲ್ಲಿ ತೀರಾ ಸಾಮಾನ್ಯ. ಆಧಾರ್‌ನಲ್ಲಿ ಅದೇ ಮನೆಯ ವಿಳಾಸವಿದ್ದರೆ ನೋಂದಣಿಗೆ ಅಷ್ಟಾಗಿ ತೊಂದರೆಯಾಗದು. ಆದರೆ ಪರವಾನಗಿಗೂ ಬ್ಯಾಂಕ್ ಸಾಲಕ್ಕೂ ಮನೆಯನ್ನು ಬಳಸಲು ಒಪ್ಪಿಗೆಯಿದೆ ಎಂಬ ಪತ್ರ ಬೇಕಾಗುತ್ತದೆ. ಹಿರಿಯರಿಂದ ಆ ಪತ್ರವನ್ನು ಆರಂಭದಲ್ಲೇ ಬರೆಸಿಟ್ಟುಕೊಳ್ಳಬೇಕು. ತೋಟದ ಕಂಪನಿಯ ಕ್ವಾರ್ಟರ್ಸ್‌ನಲ್ಲಿ ಇರುವವರು ವ್ಯವಸ್ಥಾಪಕರ ಲಿಖಿತ ಒಪ್ಪಿಗೆ ಇಲ್ಲದೆ ಮುಂದುವರಿಯದಿರುವುದೇ ಕ್ಷೇಮ. ಇದರ ಜೊತೆಗೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯನ್ನು ವಿಚಾರಿಸಬೇಕು. ಮಡಿಕೇರಿಯಲ್ಲಿ ನಗರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಮನೆಯ ಅಡುಗೆಮನೆಯಲ್ಲೇ ನಡೆಯುವ ಸಣ್ಣ ಕೆಲಸವನ್ನು ಒಂದೊಂದು ಪಂಚಾಯಿತಿ ಒಂದೊಂದು ರೀತಿಯಲ್ಲಿ ನೋಡುವುದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಬಾಯಿಮಾತಿನ ಭರವಸೆಗಿಂತ ಮೇಲು.

ಮೊದಲ ದಾರಿ: ಆರ್ಡರಿನ ಮೇಲೆ ಕೇಕು

ಹೊಸಬರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ಬಂಡವಾಳ ಕಡಿಮೆ, ಮಾಲು ಉಳಿಯುವುದಿಲ್ಲ, ಮುಂಗಡ ಪಡೆದ ಮೇಲೆಯೇ ಬೆಣ್ಣೆ ಕರಗುತ್ತದೆ. ನೋಂದಣಿ, ಶುಚಿತ್ವ ಮತ್ತು ಬಿಲ್ಲು, ಇಷ್ಟರಲ್ಲಿ ಕಾನೂನಿನ ಬಹುಪಾಲು ಮುಗಿಯುತ್ತದೆ. ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕೆಂಬುದು 2022ರ ಜನವರಿಯಿಂದ ಕಡ್ಡಾಯವಾಗಿದೆ. ಕೈಬರಹದ ಬಿಲ್ ಪುಸ್ತಕವಾದರೂ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡರೆ ಸಾಕು.

ಶುಚಿತ್ವದ ನಿಯಮಗಳು ನೋಂದಾಯಿತ ಸಣ್ಣ ತಯಾರಕರಿಗೂ ಅನ್ವಯಿಸುತ್ತವೆ, ಪರಿಶೀಲನೆಗೆ ಬರುವ ಅಧಿಕಾರಿ ನೋಡುವುದೂ ಅವನ್ನೇ. ಇವುಗಳಲ್ಲಿ ನಮ್ಮ ಕಡೆಯ ಮನೆಗಳು ಎಡವುವ ಜಾಗಗಳು ಎರಡು. ಒಂದು ನೀರು. ತೆರೆದ ಬಾವಿಯ ಅಥವಾ ಬೆಟ್ಟದ ಒರತೆಯ ನೀರು ಬೇಸಿಗೆಯಲ್ಲಿ ಎಷ್ಟೇ ತಿಳಿಯಾಗಿದ್ದರೂ ಜೂನ್ ಮಳೆ ಹಿಡಿದ ಮೇಲೆ ಅದೇ ನೀರಲ್ಲ. ತಯಾರಿಕೆಗೆ ಬಳಸುವ ನೀರು ಕುಡಿಯಲು ಯೋಗ್ಯವಾಗಿರಬೇಕೆಂಬುದು ನಿಯಮವಾದ್ದರಿಂದ ಮಳೆಗಾಲದ ನೀರನ್ನೇ ಪರೀಕ್ಷೆಗೆ ಕೊಡುವುದು ಪ್ರಾಮಾಣಿಕ ಕ್ರಮ. ಇನ್ನೊಂದು ನಾಯಿ ಬೆಕ್ಕು. ತೋಟದ ಮನೆಯೆಂದ ಮೇಲೆ ನಾಯಿ ಇದ್ದೇ ಇರುತ್ತದೆ. ತಯಾರಿಕೆಯ ಜಾಗಕ್ಕೆ ಅದು ಕಾಲಿಡದಂತೆ ಅರೆಬಾಗಿಲು ಹಾಕಿಸುವ ಖರ್ಚನ್ನು ಓವನ್ನಿನ ಖರ್ಚಿನ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಧ್ಯವಿದ್ದವರು ಮನೆಯ ಅಡುಗೆಮನೆಯನ್ನು ಬಿಟ್ಟು, ಹಿಂಬದಿಯ ಉಗ್ರಾಣದ ಕೋಣೆಯನ್ನು ಟೈಲ್ಸ್ ಹಾಕಿಸಿ ಬೇಕಿಂಗಿಗೆಂದೇ ಮೀಸಲಿಟ್ಟರೆ ಮನೆಯಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು) ಬೇಯುವ ದಿನವೂ ಕೇಕಿನ ಕೆಲಸ ನಿಲ್ಲದು.

ಓವನ್ನಿಗೆ ವಿದ್ಯುತ್ತೋ ಗ್ಯಾಸೋ ಎಂಬ ಹೋಲಿಕೆಗೆ ಉತ್ತರ ಮಳೆಗಾಲದಲ್ಲಿದೆ. ಸಾಧಾರಣ ಓಟಿಜಿ, ಅಂದರೆ ಮನೆಬಳಕೆಯ ಸಣ್ಣ ವಿದ್ಯುತ್ ಓವನ್, ಒಂದೂವರೆಯಿಂದ ಎರಡು ಕಿಲೊವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರ್ ಅದನ್ನು ತಾಳುವುದಿಲ್ಲ. ಮರ ಬಿದ್ದು ತಂತಿ ಹರಿದರೆ ಒಳನಾಡಿನ ಊರುಗಳಲ್ಲಿ ಕರೆಂಟ್ ಬರುವುದು ಯಾವಾಗ ಎಂದು ಯಾರೂ ಹೇಳಲಾರರು, ಅರ್ಧ ಬೆಂದ ಸ್ಪಾಂಜನ್ನು ಮತ್ತೆ ಬೇಯಿಸಲು ಬರುವುದೂ ಇಲ್ಲ. ಹಾಗೆಂದು ಗ್ಯಾಸ್ ಓವನ್ನಿಗೆ ಹೋಗುವವರು ತಿಳಿದಿರಬೇಕಾದದ್ದು, ಮನೆಬಳಕೆಯ 14.2 ಕಿಲೊ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದಕ್ಕೆ ನಿಷೇಧವಿದೆ. 19 ಕಿಲೊದ ವಾಣಿಜ್ಯ ಸಿಲಿಂಡರಿನ ಸಂಪರ್ಕ ಪಡೆಯಬೇಕು. ಬಹಳ ಮಂದಿ ಇದನ್ನು ಗಮನಿಸುವುದಿಲ್ಲ, ಅವಘಡವಾದಾಗ ವಿಮೆಯ ಪ್ರಶ್ನೆ ಬಂದಾಗಲೇ ಇದು ನೆನಪಾಗುತ್ತದೆ. ನನ್ನ ಎಣಿಕೆಯಲ್ಲಿ ತಿಂಗಳಿಗೆ ಕೆಲವೇ ಆರ್ಡರ್ ಇರುವವರಿಗೆ ಓಟಿಜಿ ಮತ್ತು ಒಂದು ಸಣ್ಣ ಜನರೇಟರ್ ಸಾಕು. ಡಿಸೆಂಬರಿನಲ್ಲಿ ಪ್ಲಮ್ ಕೇಕಿನ ಒತ್ತಡ ನಿಜಕ್ಕೂ ಬಂದ ಮೇಲೆ ಗ್ಯಾಸ್ ಡೆಕ್ ಓವನ್ನಿನ ಬಗ್ಗೆ ಯೋಚಿಸಬಹುದು.

ಬಣ್ಣದ ವಿಷಯವನ್ನು ಇಲ್ಲೇ ಹೇಳಬೇಕು. ಕೇಕಿನಲ್ಲಿ ಅನುಮತಿಯಿರುವ ಕೃತಕ ಬಣ್ಣಗಳೂ ಒಟ್ಟು 100 ಪಿಪಿಎಂ, ಅಂದರೆ ಒಂದು ಕಿಲೊ ತಿನಿಸಿಗೆ 100 ಮಿಲಿಗ್ರಾಂ ಮೀರುವಂತಿಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಬೆಂಗಳೂರಿನ ಬೇಕರಿಗಳ ಕೇಕುಗಳನ್ನು ಪರೀಕ್ಷಿಸಿದಾಗ 12 ಮಾದರಿಗಳು ಬಣ್ಣದ ಕಾರಣಕ್ಕೆ ಅಸುರಕ್ಷಿತವೆಂದು ಬಂದವು. ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಆಗ ಎಲ್ಲರ ಬಾಯಲ್ಲೂ ಇತ್ತು. ಜೆಲ್ ಬಣ್ಣವನ್ನು ಬಾಟಲಿಯಿಂದ ನೇರವಾಗಿ ಹಿಂಡುವ ಅಭ್ಯಾಸವಿರುವ ಮನೆ ಬೇಕರ್‌ಗೆ ತಾನು ಹಾಕಿದ್ದು ಎಷ್ಟು ಮಿಲಿಗ್ರಾಂ ಎಂದು ಗೊತ್ತಿರುವುದಿಲ್ಲ. ಅಳೆದು ಹಾಕುವುದು ಒಂದು ಉಪಾಯ. ಬೀಟ್‌ರೂಟ್, ಕೋಕೊ, ಕಾಫಿ ಡಿಕಾಕ್ಷನ್‌ಗಳಿಂದ ಬರುವ ಬಣ್ಣಕ್ಕೆ ಗಿರಾಕಿಯನ್ನು ಒಪ್ಪಿಸುವುದು ಅದಕ್ಕಿಂತ ಉತ್ತಮ ಉಪಾಯ.

ಆರ್ಡರ್ ಕೇಕಿನ ಮಿತಿಯೆಂದರೆ ದೂರ. ಮಡಿಕೇರಿಯಿಂದ ನಾಪೋಕ್ಲುವಿಗೋ ಭಾಗಮಂಡಲಕ್ಕೋ ಹೋಗುವ ರಸ್ತೆಯ ತಿರುವುಗಳಲ್ಲಿ ಮೂರು ಅಂತಸ್ತಿನ ಕೇಕು ನೆಟ್ಟಗೆ ತಲುಪುವುದಿಲ್ಲ. ಅಂತಸ್ತುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಒಯ್ದು ಮದುವೆ ಮಂಟಪದಲ್ಲೇ ಜೋಡಿಸುವುದಕ್ಕೆ ತಗಲುವ ಅರ್ಧ ದಿನದ ಕೂಲಿಯನ್ನು ದರದಲ್ಲಿ ಸೇರಿಸದವರು ಕೇಕಿನಲ್ಲಿ ಗಳಿಸಿದ್ದನ್ನು ಜೀಪಿನ ಬಾಡಿಗೆಗೆ ಕೊಡುತ್ತಾರೆ.

ಎರಡನೆಯ ದಾರಿ: ಅಂಗಡಿಯ ಕಪಾಟಿಗೆ ಪ್ಯಾಕೆಟ್

ಪ್ರವಾಸಿಗರು ತುಂಬಿರುವ ಜಿಲ್ಲೆಯಲ್ಲಿ ಇದೇ ಲಾಭದ ದಾರಿಯೆಂದು ತೋರುವುದು ಸಹಜ. ಆದರೆ ತಿನಿಸು ಪೊಟ್ಟಣದೊಳಗೆ ಸೇರಿ, ಮಾಡಿದವರು ಎದುರಿಗಿಲ್ಲದ ಕಡೆ ಮಾರಾಟವಾಗಲು ಆರಂಭವಾದ ಕ್ಷಣದಿಂದ ಎರಡು ಕಾನೂನುಗಳು ಪೂರ್ತಿಯಾಗಿ ಜಾರಿಗೆ ಬರುತ್ತವೆ: 2020ರ ಆಹಾರ ಲೇಬಲಿಂಗ್ ನಿಯಮಗಳು ಮತ್ತು 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳು. ತಿನಿಸಿನ ಹೆಸರು, ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬಳಸಿದ ಪದಾರ್ಥಗಳು, ಗೋಧಿ, ಹಾಲು, ಮೊಟ್ಟೆ, ಬೀಜಗಳಂಥ ಅಲರ್ಜಿಕಾರಕಗಳ ಪ್ರತ್ಯೇಕ ಸೂಚನೆ, ನಿವ್ವಳ ತೂಕ, ತಯಾರಾದ ದಿನ, ಬಳಸಬಹುದಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಹೆಸರು ಮತ್ತು ವಿಳಾಸ, ದೂರಿಗೆ ಫೋನ್ ಸಂಖ್ಯೆ, ಎಫ್‌ಎಸ್‌ಎಸ್‌ಎಐ ಚಿಹ್ನೆ ಮತ್ತು ಸಂಖ್ಯೆ, ಇಷ್ಟೂ ಒಂದು ಸಣ್ಣ ಚೀಟಿಯಲ್ಲಿ ಹಿಡಿಯಬೇಕು. ಅಂಗಡಿಯವರೇ ಬೆಲೆಯ ಸ್ಟಿಕ್ಕರ್ ಅಂಟಿಸಿಕೊಳ್ಳುತ್ತಾರೆ ಎಂದು ಬಿಡುವಂತಿಲ್ಲ.

ಇವುಗಳಲ್ಲಿ ಮನೆ ಬೇಕರಿಗಳ ಚೀಟಿಯಲ್ಲಿ ಪದೇ ಪದೇ ಕಾಣುವ ದೋಷ ಹಸಿರು ಚುಕ್ಕೆ. ಮಾಂಸವಿಲ್ಲದ ಮೇಲೆ ಕೇಕು ಸಸ್ಯಾಹಾರವೆಂದು ತಿಳಿದು ಚೌಕದೊಳಗೆ ಹಸಿರು ವೃತ್ತವನ್ನು ಮುದ್ರಿಸಿರುತ್ತಾರೆ. ಆದರೆ ನಿಯಮದ ಪ್ರಕಾರ ಮೊಟ್ಟೆ ಸೇರಿದ ತಿನಿಸು ಮಾಂಸಾಹಾರದ ಗುಂಪಿಗೆ ಸೇರುತ್ತದೆ, ಅದಕ್ಕೆ ಚೌಕದೊಳಗೆ ಕಂದು ತ್ರಿಕೋನವೇ ಬರಬೇಕು. ಮೊಟ್ಟೆ ಹಾಕಿದ್ದು ಮತ್ತು ಹಾಕದ್ದು ಎರಡನ್ನೂ ಮಾಡುವವರು ಎರಡು ಬಗೆಯ ಚೀಟಿಗಳನ್ನು ಬೇರೆ ಬೇರೆ ಡಬ್ಬದಲ್ಲಿಟ್ಟುಕೊಂಡರೆ ರಾತ್ರಿ ಹೊತ್ತು ಪ್ಯಾಕಿಂಗ್ ಮಾಡುವಾಗ ಅದಲುಬದಲಾಗುವುದಿಲ್ಲ.

ಚಾಕೊಲೇಟಿನ ಕಡೆಗೂ ಒಂದು ಮಾತು. ‘ಹೋಮ್‌ಮೇಡ್ ಚಾಕೊಲೇಟ್’ ಎಂದು ಮಾರಾಟವಾಗುವುದರಲ್ಲಿ ಬಹಳಷ್ಟು ಅಂಗಡಿಯಲ್ಲಿ ಸಿಗುವ ಕಾಂಪೌಂಡ್ ಎಂಬ ಚಾಕೊಲೇಟ್ ಬಗೆಯ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹಾಕಿದ್ದೇ ಆಗಿರುತ್ತದೆ. ಆಹಾರ ಗುಣಮಟ್ಟದ ನಿಯಮದಲ್ಲಿ ಚಾಕೊಲೇಟ್ ಎನಿಸಿಕೊಳ್ಳಬೇಕಾದರೆ ಕೋಕೊ ಬೆಣ್ಣೆಯ ಹೊರತಾದ ಸಸ್ಯಜನ್ಯ ಕೊಬ್ಬು ಶೇ 5ನ್ನು ಮೀರಬಾರದು, ಇದ್ದಷ್ಟನ್ನೂ ಚೀಟಿಯಲ್ಲಿ ಹೇಳಬೇಕು. ಕಾಂಪೌಂಡಿನಲ್ಲಿ ಕೋಕೊ ಬೆಣ್ಣೆಯ ಜಾಗದಲ್ಲಿ ಇರುವುದೇ ಬೇರೆ ಕೊಬ್ಬು. ಆದ್ದರಿಂದ ಒಂದೋ ಕೋಕೊ ಬೆಣ್ಣೆಯ ನಿಜವಾದ ಚಾಕೊಲೇಟಾದ ಕೂವರ್ಚರ್ ಬಳಸಿ ಅದಕ್ಕೆ ತಕ್ಕ ಬೆಲೆ ಇಡಬೇಕು, ಇಲ್ಲವೇ ಚೀಟಿಯಲ್ಲಿ ಆ ಹೆಸರು ಹಾಕಬಾರದು. ಮೊದಲನೆಯದಕ್ಕೆ ಟೆಂಪರಿಂಗ್, ಅಂದರೆ ಚಾಕೊಲೇಟನ್ನು ಕರಗಿಸಿ ಹದವಾಗಿ ತಣಿಸುವುದನ್ನು, ಕಲಿಯಬೇಕಾಗುತ್ತದೆ. ಮಡಿಕೇರಿಯ ತಂಪು ಇದಕ್ಕೆ ಅನುಕೂಲವೇ ಆದರೂ ಅದೇ ಮಾಲು ಮಾರ್ಚ್ ಏಪ್ರಿಲ್‌ನಲ್ಲಿ ಕುಶಾಲನಗರದ ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಳಿಚಿಕೊಳ್ಳುತ್ತದೆ.

ತಕ್ಕಡಿಯೂ ಕಾನೂನಿನೊಳಗೇ ಬರುತ್ತದೆ. ಪಾಕಕ್ಕೆ ಹಿಟ್ಟು ಸಕ್ಕರೆ ಅಳೆಯುವ ಅಡುಗೆಮನೆಯ ತಕ್ಕಡಿಯನ್ನು ಯಾರೂ ಕೇಳುವುದಿಲ್ಲ. ಆದರೆ ಮಾರುವ ಪೊಟ್ಟಣದ ತೂಕ ನಿರ್ಧರಿಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ತಕ್ಕಡಿಗೆ ಮಾದರಿ ಅನುಮೋದನೆಯೇ ಇರದಿದ್ದರೆ ಮುದ್ರೆ ಹಾಕಿಕೊಡುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ಮುದ್ರೆಯಿರುವುದನ್ನು ಕೇಳಿ ಕೊಳ್ಳಬೇಕು. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಪ್ಯಾಕರ್ ಆಗಿ ಅದೇ ಇಲಾಖೆಯಲ್ಲಿ ನೋಂದಣಿಯನ್ನೂ ಮಾಡಿಸಬೇಕು.

ಇನ್ನು ಹವೆ. ಜುಲೈ ತಿಂಗಳ ಮಡಿಕೇರಿಯಲ್ಲಿ ತಟ್ಟೆಯಲ್ಲಿ ಬಿಟ್ಟ ಬೆಣ್ಣೆ ಬಿಸ್ಕತ್ತು ಕಾಫಿ ಆರುವಷ್ಟರಲ್ಲಿ ಮೆತ್ತಗಾಗುತ್ತದೆ. ಚೀಟಿಯಲ್ಲಿ ಬರೆಯುವ ಕೊನೆಯ ದಿನವನ್ನು ಬೇರೆ ಊರಿನ ಬೇಕರಿಯಿಂದ ನಕಲು ಮಾಡದೆ, ತನ್ನದೇ ಪೊಟ್ಟಣವನ್ನು ಮಳೆಗಾಲದ ಕಪಾಟಿನಲ್ಲಿಟ್ಟು ನೋಡಿ ನಿರ್ಧರಿಸಬೇಕು. ಬೇಸಿಗೆಗೊಂದು, ಮಳೆಗಾಲಕ್ಕೊಂದು ಅವಧಿ ಇಡುವುದರಲ್ಲಿ ತಪ್ಪಿಲ್ಲ. ಮಾರಾಟವಾಗದೆ ಹಿಂದಕ್ಕೆ ಬರುವ ಮಾಲಿನ ನಷ್ಟ ಯಾರದ್ದು ಎಂಬುದನ್ನು ಅಂಗಡಿಯವರ ಜೊತೆ ಮೊದಲೇ ಬರೆದು ಒಪ್ಪಿಕೊಳ್ಳದಿದ್ದರೆ ಆ ನಷ್ಟ ತಯಾರಿಸಿದವರಿಗೇ ಬರುತ್ತದೆ. ಹೋಮ್‌ಸ್ಟೇಗಳಿಗೆ ವಾರಾಂತ್ಯಕ್ಕೆಂದು ಬಾಳೆಹಣ್ಣಿನ ಕೇಕು, ಕುಕ್ಕೀಸ್ ಒದಗಿಸುವುದು ಈ ದೃಷ್ಟಿಯಿಂದ ಅಂಗಡಿಗಿಂತ ವಾಸಿ. ಅಲ್ಲಿ ಮಾಲು ಎರಡು ದಿನದಲ್ಲಿ ತೀರುತ್ತದೆ, ಹಣವೂ ಒಬ್ಬರ ಕೈಯಿಂದಲೇ ಬರುತ್ತದೆ.

ಮೂರನೆಯ ದಾರಿ: ಪೇಟೆಯಲ್ಲಿ ಮಳಿಗೆ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಳಿಗೆಯೆಂದರೆ ಬಾಡಿಗೆ ಕರಾರು, ವಾಣಿಜ್ಯ ದರದ ವಿದ್ಯುತ್, ಕಡ್ಡಾಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಕೆಲಸಕ್ಕೆ ಜನ. ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರುವರಿಯಲ್ಲಿ ಕೆಲಸದವರು ಸಿಗುವುದು ಕಷ್ಟ, ಕೇಕಿನ ಬೇಡಿಕೆ ಏರುವುದೂ ಆಗಲೇ. ಮನೆಯಿಂದ ಎರಡು ಮಳೆಗಾಲ ದಾಟಿಸಿದವರು ಮಾತ್ರ ಇದನ್ನು ಯೋಚಿಸಲಿ ಎಂಬುದು ನನ್ನ ಅಭಿಪ್ರಾಯ.

ಜಿಎಸ್‌ಟಿ: ಗಡಿ ದಾಟುವವರೆಗೆ ಮತ್ತು ದಾಟಿದ ಮೇಲೆ

ಕರ್ನಾಟಕದೊಳಗೆ ಸರಕನ್ನಷ್ಟೇ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಕೇಕು, ಬಿಸ್ಕತ್ತು, ಚಾಕೊಲೇಟುಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಮನೆ ಬೇಕರಿಗೆ ಈ ಮಿತಿ ಬಹಳ ದೂರದ್ದೆಂದು ಕಂಡರೂ ಮೂರು ಕಡೆ ಅದು ಹತ್ತಿರ ಬರುತ್ತದೆ.

ಮೊದಲನೆಯದು ರಾಜ್ಯದ ಗಡಿ. ಕುಟ್ಟದಿಂದ ವಯನಾಡಿಗೆ, ಮಾಕುಟ್ಟದಿಂದ ಕಣ್ಣೂರಿನ ಕಡೆಗೆ, ಕರಿಕೆಯಿಂದ ಕಾಸರಗೋಡಿನ ಕಡೆಗೆ ದಿನವೂ ವಾಹನಗಳು ಓಡಾಡುವ ಜಿಲ್ಲೆ ನಮ್ಮದು. ವಿರಾಜಪೇಟೆಯ ಬೇಕರ್‌ಗೆ ಇರಿಟ್ಟಿಯ ಗಿರಾಕಿ ಮೈಸೂರಿನ ಗಿರಾಕಿಗಿಂತ ಹತ್ತಿರ. ಆದರೆ ಬೇರೆ ರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯ. ಕೊರಿಯರ್‌ನಲ್ಲಿ ಕೇರಳಕ್ಕೋ ಚೆನ್ನೈಗೋ ಪ್ಲಮ್ ಕೇಕ್ ಕಳುಹಿಸುವವರಿಗೂ ಇದೇ ಅನ್ವಯ. ಗಿರಾಕಿಯೇ ವಿರಾಜಪೇಟೆಗೆ ಬಂದು ಕೊಂಡು ಹೋಗುವುದಕ್ಕೂ ನಾವು ಕಳುಹಿಸಿಕೊಡುವುದಕ್ಕೂ ಇರುವ ಅಂತರ ಇಲ್ಲಿ ಹಣದ ಲೆಕ್ಕಕ್ಕೆ ಬರುತ್ತದೆ. ಎರಡನೆಯದು ತರಗತಿ. ಬೇಸಿಗೆ ರಜೆಯಲ್ಲಿ ಬೇಕಿಂಗ್ ಕಲಿಸಿ ಶುಲ್ಕ ಪಡೆದರೆ ಅದು ಸೇವೆ. ಸರಕಿನ ಜೊತೆ ಸೇವೆಯೂ ಸೇರಿದವರಿಗೆ 40 ಲಕ್ಷದ ಮಿತಿ ಉಳಿಯದೆ 20 ಲಕ್ಷದ್ದು ಅನ್ವಯಿಸುತ್ತದೆ. ಮೂರನೆಯದು ಬ್ಯಾಂಕ್ ಖಾತೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ನೋಡಿ ಸಣ್ಣ ಅಂಗಡಿ, ಬೇಕರಿಗಳಿಗೆ ನೋಟಿಸ್ ಕಳುಹಿಸಿದ್ದು ನೆನಪಿರಬಹುದು. ಸ್ವಂತ ತೋಟದ ಬೆಳೆ ಮಾರುವ ಕೃಷಿಕರಿಗೆ ಆ ಮಾರಾಟದ ಮಟ್ಟಿಗೆ ಜಿಎಸ್‌ಟಿ ನೋಂದಣಿಯ ಹೊಣೆ ಇಲ್ಲ. ಆದರೆ ಕಾಫಿ, ಕರಿಮೆಣಸು ಮಾರಿದ ಹಣವೂ ಕೇಕಿನ ಹಣವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಯಾವುದು ಯಾವುದೆಂದು ತೋರಿಸುವ ಕೆಲಸ ನಮ್ಮ ಮೇಲೆ ಬೀಳುತ್ತದೆ. ಬೇಕರಿಗೆಂದು ಬೇರೆ ಖಾತೆ, ಬೇರೆ ಕ್ಯೂಆರ್ ಕೋಡ್ ಮೊದಲ ದಿನದಿಂದಲೇ ಇರಲಿ.

ಒಬ್ಬರೇ ಅಥವಾ ಸಂಘವಾಗಿ

ಸ್ವಂತ ಹೆಸರಿನಲ್ಲೇ ಮಾಡುವುದಾದರೆ ಕಂಪನಿ ನೋಂದಣಿಯ ಗೊಡವೆ ಬೇಡ. ಆಧಾರ್ ಮತ್ತು ಪ್ಯಾನ್ ಇದ್ದರೆ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತವಾಗಿ ಸಿಗುತ್ತದೆ, ಬ್ಯಾಂಕಿನವರು ಕೇಳುವುದೂ ಅದನ್ನೇ. 2020ರಲ್ಲಿ ಆರಂಭವಾದ ಕೇಂದ್ರದ ಪಿಎಂಎಫ್‌ಎಂಇ (ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮ) ಯೋಜನೆಯು ಕಿರು ಆಹಾರ ಘಟಕಗಳಿಗೆ ಸಾಲದ ಜೊತೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವನ್ನು ಇಟ್ಟುಕೊಂಡು ಬಂದಿತು. ವೆಚ್ಚದ ಶೇ 10ರಷ್ಟನ್ನಾದರೂ ಅರ್ಜಿದಾರರೇ ಹಾಕಬೇಕು. ಇದರಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಇತ್ತು. ಅರ್ಜಿ ಹಾಕುವ ವರ್ಷ ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡೇ ಓವನ್ನಿಗೆ ಮುಂಗಡ ಕೊಡಬೇಕು, ಏಕೆಂದರೆ ಸಾಲ ಮಂಜೂರಾಗುವ ಮೊದಲೇ ಕೊಂಡ ಯಂತ್ರವನ್ನು ಸಹಾಯಧನದ ಲೆಕ್ಕಕ್ಕೆ ತರುವುದು ಕಷ್ಟ. ಸಂಘವಾಗಿ ಮಾಡುವುದರಲ್ಲಿ ಯಂತ್ರದ ಖರ್ಚು ಹಂಚಿಹೋಗುತ್ತದೆ ನಿಜ, ಆದರೆ ನೋಂದಣಿ ಒಂದು ನಿರ್ದಿಷ್ಟ ಜಾಗಕ್ಕೆ ಕೊಡುವಂಥದ್ದು. ಐದು ಸದಸ್ಯೆಯರು ಐದು ಮನೆಗಳಲ್ಲಿ ಬೇಯಿಸಿ ಒಂದೇ ಸಂಖ್ಯೆಯ ಚೀಟಿ ಅಂಟಿಸುವುದಕ್ಕೆ ಅವಕಾಶವಿಲ್ಲ. ಹಂಚಿಕೊಂಡು ಬಳಸಲು ಒಂದು ಜಾಗವಿದ್ದರೆ ಸಂಘ, ಇಲ್ಲದಿದ್ದರೆ ಒಬ್ಬೊಬ್ಬರಿಗೂ ಪ್ರತ್ಯೇಕ ನೋಂದಣಿ.

ಕೇಕಿನ ಜೊತೆಗೆ ಮನೆಯ ವೈನನ್ನೂ ಮಾರಬಹುದೇ ಎಂಬ ಪ್ರಶ್ನೆ ಕೊಡಗಿನಲ್ಲಿ ಬರದೆ ಇರುವುದಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಅದಕ್ಕೆ ರಕ್ಷಣೆಯಲ್ಲ. ಅಬಕಾರಿ ಪರವಾನಗಿ ಇಲ್ಲದೆ ವೈನ್ ಮಾರುವುದು ಅಪರಾಧ, ಕ್ರಿಸ್‌ಮಸ್ ಉಡುಗೊರೆಯ ಬುಟ್ಟಿಯಲ್ಲಿ ಕೇಕಿನ ಪಕ್ಕಕ್ಕೆ ಒಂದು ಬಾಟಲಿ ಇಟ್ಟು ಒಟ್ಟಿಗೆ ಬೆಲೆ ಕಟ್ಟಿದರೂ ಅದು ಮಾರಾಟವೇ.

ಬರುವ ಡಿಸೆಂಬರನ್ನು ಗುರಿಯಾಗಿಟ್ಟುಕೊಂಡವರು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿಯುವ ಹೊತ್ತಿಗೆ ಮನೆಯವರ ಒಪ್ಪಿಗೆ ಪತ್ರ, ನೀರಿನ ಪರೀಕ್ಷೆ ಮತ್ತು ಆಹಾರ ನೋಂದಣಿಯನ್ನು ಮುಗಿಸಿ, ಮಡಿಕೇರಿ ದಸರಾದ ದಿನಗಳಲ್ಲಿ ಪರಿಚಯದ ಮನೆಗಳಿಗೂ ಒಂದೆರಡು ಹೋಮ್‌ಸ್ಟೇಗಳಿಗೂ ಆರ್ಡರಿನ ಮೇಲೆ ಕೊಟ್ಟು ನೋಡಬಹುದು. ಪೊಟ್ಟಣದ ಚೀಟಿ, ಮುದ್ರೆಯ ತಕ್ಕಡಿ ಮತ್ತು ಪ್ಯಾಕರ್ ನೋಂದಣಿಯ ಕೆಲಸವನ್ನು ಸುಗ್ಗಿ ಹಬ್ಬವಾದ ಪುತ್ತರಿಗೆ ಮುಂಚೆ ಆರಂಭಿಸಿದರೆ ಪ್ಲಮ್ ಕೇಕು ಅಂಗಡಿಗೆ ಹೋಗುವ ಹೊತ್ತಿಗೆ ಕಾಗದಗಳೂ ಸಿದ್ಧವಿರುತ್ತವೆ.